ಅಣುವಿಗಿಂತ ಅಂಟು ಮುಖ್ಯ: ಅಣು ಕಂಪ್ಯೂಟರ್‌ನಲ್ಲಿ ಯಾವ ದಾರಿ ಹಿಡಿಯೋದು?

ಕಳೆದ ತಿಂಗಳು ಅಕ್ಕನ ಮಗ ಫೋನ್ ಮಾಡಿದ. ಎಲೆಕ್ಟ್ರಾನಿಕ್ಸ್‌ನಲ್ಲಿ ಬಿಇ ಮುಗಿಸಿ ಎಂಟೆಕ್ ಹುಡುಕಾಟದಲ್ಲಿದ್ದಾನೆ. "ಮಾಮ, ಸಿಲಿಕಾನ್ ಕಾಲ ಮುಗೀತಂತೆ. ಇನ್ಮೇಲೆ ಒಂದೊಂದೇ ಅಣು ಜೋಡಿಸಿ ಕಂಪ್ಯೂಟರ್ ಮಾಡ್ತಾರಂತೆ. ನಾನೂ ಅದನ್ನೇ ಓದ್ಲಾ?" ಅಂದ. ಓದಪ್ಪ, ಆದರೆ ಅದರಲ್ಲಿ ಯಾವುದನ್ನ, ಅಂದೆ. ಆ ಕಡೆಯಿಂದ ಸದ್ದೇ ಇಲ್ಲ.

ಅವನ ತಪ್ಪೇನಿಲ್ಲ. 'ಅಣು ಕಂಪ್ಯೂಟರ್' ಅನ್ನೋ ಒಂದೇ ಬೋರ್ಡಿನ ಕೆಳಗೆ ಐದಾರು ಅಂಗಡಿಗಳು ನಡೆಯುತ್ತಿವೆ. ಒಬ್ಬರು ಚಿನ್ನದ ತಂತಿ ಮುರಿದು ಆ ಸಂದಿಯಲ್ಲಿ ಒಂದು ಅಣು ಕೂರಿಸುತ್ತಾರೆ, ಇನ್ನೊಬ್ಬರು ಟ್ಯೂಬಿನಲ್ಲಿ ಡಿಎನ್‌ಎ ಕಲಸಿ ವರ್ಗಮೂಲ ತೆಗೆಯುತ್ತಾರೆ, ಮತ್ತೊಬ್ಬರು ಕಾರ್ಬನ್ ಕೊಳವೆಗಳನ್ನು ವೇಫರ್ (ಚಿಪ್ ಮಾಡುವ ತೆಳು ಬಿಲ್ಲೆ) ಮೇಲೆ ಹರಡಿ ಪ್ರೊಸೆಸರ್ ಮಾಡುತ್ತಾರೆ. ಒಬ್ಬರ ಲ್ಯಾಬಿನ ಮಾತು ಇನ್ನೊಬ್ಬರಿಗೆ ತಿಳಿಯೋದೇ ಕಷ್ಟ. ಅವನಿಗೆ ಫೋನಿನಲ್ಲಿ ಹೇಳಿದ್ದನ್ನೇ ಸ್ವಲ್ಪ ಬಿಡಿಸಿ ಬರೆದಿದ್ದೇನೆ. ಪ್ರಾಜೆಕ್ಟಿಗೋ ಪಿಎಚ್‌ಡಿಗೋ ಈ ಕಡೆ ಕಣ್ಣು ಹಾಕಿರುವ ಬೇರೆಯವರಿಗೂ ಉಪಯೋಗ ಆಗಬಹುದು.

ಮೊದಲು ಒಂದು ಮಾತು. ಅಣು ಅಂದ ತಕ್ಷಣ ನಮಗೆ ಕೈಗಾ ಸ್ಥಾವರ, ಅಣುಬಾಂಬು ನೆನಪಾಗುತ್ತದೆ. ಅದು ಪರಮಾಣುವಿನ ಕಥೆ. ಇಲ್ಲಿ ಅಣು ಅಂದರೆ ಹೈಸ್ಕೂಲು ಪುಸ್ತಕದ ಅಣು: ಕೆಲವು ಪರಮಾಣುಗಳು ಕೈ ಹಿಡಿದು ನಿಂತ ಗುಂಪು. ನೀರು ಒಂದು ಅಣು, ಬೆಂಜೀನ್ ಒಂದು ಅಣು, ಉದ್ದನೆಯ ಡಿಎನ್‌ಎ ಎಳೆಯೂ ಒಂದು ಅಣು.

ಇನ್ನು 'ಸಿಲಿಕಾನ್ ಕಾಲ ಮುಗೀತು' ಅನ್ನೋದು ಅವಸರದ ಮಾತು. ಜಾಹೀರಾತಿನಲ್ಲಿ ಬರುವ '3 ನ್ಯಾನೊಮೀಟರ್' (ಮೀಟರಿನ ನೂರು ಕೋಟಿಯಲ್ಲಿ ಒಂದು ಪಾಲು ಒಂದು ನ್ಯಾನೊಮೀಟರ್) ಬರೀ ಹೆಸರು. ಆ ಚಿಪ್ಪಿನಲ್ಲಿ ಒಂದು ಗೇಟಿನಿಂದ (ಟ್ರಾನ್ಸಿಸ್ಟರನ್ನು ಆನ್ ಆಫ್ ಮಾಡುವ ಭಾಗ) ಪಕ್ಕದ ಗೇಟಿಗೆ ಈಗಲೂ ಸುಮಾರು 48 ನ್ಯಾನೊಮೀಟರ್ ದೂರ ಇದೆ. 2023ರಲ್ಲಿ ಬಂದ ಆಪಲ್ ಎಂ2 ಅಲ್ಟ್ರಾದಲ್ಲಿ 13,400 ಕೋಟಿ ಟ್ರಾನ್ಸಿಸ್ಟರ್‌ಗಳಿವೆ. ಅವು ಸೆಕೆಂಡಿಗೆ ನೂರಾರು ಕೋಟಿ ಸಲ ಮಿಡಿಯುವ ಗಡಿಯಾರಕ್ಕೆ ಹೆಜ್ಜೆ ಹಾಕುತ್ತಾ ವರ್ಷಗಟ್ಟಲೆ ತಪ್ಪಿಲ್ಲದೆ ಕೆಲಸ ಮಾಡುತ್ತವೆ. ನೀವು ಯಾವ ಅಣುವನ್ನು ಹಿಡಿದುಕೊಂಡು ಬಂದರೂ ಅದು ಪಂದ್ಯ ಆಡಬೇಕಾದದ್ದು ಇಂಥ ಪೈಲ್ವಾನನ ಜೊತೆ.

ಹಾಗಾದರೆ ಹೇಗೆ ಆರಿಸೋದು? ಎಲ್ಲರೂ ಗಾತ್ರ ನೋಡುತ್ತಾರೆ, ವೇಗ ನೋಡುತ್ತಾರೆ. ನಾನು ಮೊದಲು ನೋಡೋದು ಬೇರೆ. ಹೊರಗಿನ ಪ್ರಪಂಚ ಈ ಅಣುವಿನ ಜೊತೆ ಹೇಗೆ ಮಾತಾಡುತ್ತದೆ? ಪ್ರಶ್ನೆ ಒಳಗೆ ಹೋಗೋದು ಹೇಗೆ, ಉತ್ತರ ಹೊರಗೆ ಬರೋದು ಹೇಗೆ? ಕಳೆದ ಐವತ್ತು ವರ್ಷದಲ್ಲಿ ಇಲ್ಲಿ ಬಿದ್ದವರೆಲ್ಲ ಹೆಚ್ಚುಕಡಿಮೆ ಇದೇ ಹೊಂಡದಲ್ಲಿ ಬಿದ್ದಿದ್ದಾರೆ. ಅಣು ಚೆನ್ನಾಗಿಯೇ ಇತ್ತು, ಅಂಟಿಸಿದ ಜಾಗ ಕೈಕೊಟ್ಟಿತು.

ಒಂಟಿ ಅಣುವಿನ ದಾರಿ

ಇದು ಎಲ್ಲಕ್ಕಿಂತ ಹಳೆಯ ಕನಸು. 1974ರಲ್ಲಿ ಐಬಿಎಂನ ಆರಿ ಅವಿರಾಮ್ ಮತ್ತು ನ್ಯೂಯಾರ್ಕ್ ವಿಶ್ವವಿದ್ಯಾಲಯದ ಮಾರ್ಕ್ ರಾಟ್ನರ್ ಒಂದು ಲೇಖನ ಬರೆದರು. ಒಂದು ತುದಿ ಎಲೆಕ್ಟ್ರಾನ್ ಕೊಡುವಂಥದ್ದು, ಇನ್ನೊಂದು ತುದಿ ಎಲೆಕ್ಟ್ರಾನ್ ಎಳೆದುಕೊಳ್ಳುವಂಥದ್ದು, ನಡುವೆ ಒಂದು ತಡೆಗೋಡೆ. ಇಂಥ ಒಂದು ಅಣು ಸಿಕ್ಕರೆ ಅದು ಡಯೋಡಿನ ಹಾಗೆ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುತ್ತದೆ ಅಂತ ಲೆಕ್ಕ ಹಾಕಿ ತೋರಿಸಿದರು. ಕಾಗದದ ಮೇಲೆ ಎಲ್ಲ ಸರಿ. ಆದರೆ ಒಂದೆರಡು ನ್ಯಾನೊಮೀಟರ್ ಗಾತ್ರದ ವಸ್ತುವಿಗೆ ಎರಡು ಕಡೆ ವೈರು ಹಾಕೋದು ಹೇಗೆ ಅಂತ ಆಗ ಯಾರಿಗೂ ಗೊತ್ತಿರಲಿಲ್ಲ.

ಇಪ್ಪತ್ತಮೂರು ವರ್ಷ ಬಿಟ್ಟು, 1997ರಲ್ಲಿ, ಯೇಲ್ ವಿಶ್ವವಿದ್ಯಾಲಯದ ಮಾರ್ಕ್ ರೀಡ್, ಸೌತ್ ಕೆರೊಲಿನಾ ವಿಶ್ವವಿದ್ಯಾಲಯದ ಜೇಮ್ಸ್ ಟೂರ್ ಮತ್ತು ಅವರ ಜೊತೆಗಾರರು ಒಂದು ಜಾಣ ಉಪಾಯ ಮಾಡಿದರು. ತೆಳುವಾದ ಚಿನ್ನದ ತಂತಿಯನ್ನು ಬಗ್ಗುವ ಪಟ್ಟಿಯ ಮೇಲೆ ಅಂಟಿಸಿ, ಪಟ್ಟಿಯನ್ನು ಮೆಲ್ಲಗೆ ಬಗ್ಗಿಸಿದರು. ತಂತಿ ಮುರಿಯಿತು. ಆ ಮುರಿದ ಸಂದಿಯನ್ನು ಕೂದಲೆಳೆಗಿಂತ ಎಷ್ಟೋ ಪಟ್ಟು ಸಣ್ಣ ಲೆಕ್ಕದಲ್ಲಿ ಹಿಂದೆ ಮುಂದೆ ಮಾಡಬಹುದು. ಬೆಂಜೀನ್ ಉಂಗುರದ ಎರಡು ತುದಿಗೆ ಗಂಧಕ ಕಟ್ಟಿದ ಅಣುಗಳನ್ನು ಅಲ್ಲಿಗೆ ಬಿಟ್ಟರು, ಏಕೆಂದರೆ ಗಂಧಕಕ್ಕೆ ಚಿನ್ನ ಕಂಡರೆ ಬಿಡಲಾರದ ನಂಟು. ಅಣು ಸೇತುವೆಯಾಗಿ ಕೂತಿತು. ಕರೆಂಟು ಹರಿಯಿತು. ರೋಧ ಸುಮಾರು 22 ಮೆಗಾಓಮ್.

ಎಲ್ಲರೂ ಚಪ್ಪಾಳೆ ತಟ್ಟಿದರು. ಈಗ ಕೇಳಿ. 2004ರಲ್ಲಿ ಅರಿಜೋನಾದ ನೊಂಗ್‌ಜಿಯಾನ್ ಟಾವೊ ತಂಡ ಅದೇ ಅಣುವನ್ನು ಬೇರೆ ವಿಧಾನದಲ್ಲಿ ಸಾವಿರಾರು ಸಲ ಅಳೆಯಿತು. ಬಂದದ್ದು ಸುಮಾರು 1 ಮೆಗಾಓಮ್. ಅದೇ ಬೆಂಜೀನ್, ಅದೇ ಗಂಧಕ, ಅದೇ ಚಿನ್ನ, ಉತ್ತರದಲ್ಲಿ ಮಾತ್ರ ಇಪ್ಪತ್ತು ಪಟ್ಟು ವ್ಯತ್ಯಾಸ. ಗಂಧಕ ಚಿನ್ನದ ಯಾವ ಪರಮಾಣುವಿನ ತಲೆ ಮೇಲೆ ಕೂತಿತು, ಎರಡು ಪರಮಾಣುಗಳ ನಡುವಿನ ಕುಳಿಯಲ್ಲಿ ಕೂತಿತಾ, ಅಣು ನೆಟ್ಟಗಿತ್ತಾ ಓರೆಯಾಗಿತ್ತಾ, ಇದೆಲ್ಲ ಲೆಕ್ಕಕ್ಕೆ ಬರುತ್ತದೆ. ಪ್ರತಿ ಸಲ ತಂತಿ ಮುರಿದಾಗ ಚಿನ್ನದ ತುದಿ ಬೇರೆ ಆಕಾರದಲ್ಲಿ ಮುರಿಯುತ್ತದೆ. ಕೋಟಿ ಟ್ರಾನ್ಸಿಸ್ಟರ್ ಕಟ್ಟಬೇಕಾದವರಿಗೆ ಇದು ತಲೆನೋವಲ್ಲ, ಎದೆನೋವು.

2009ರಲ್ಲಿ ರೀಡ್ ಮತ್ತು ದಕ್ಷಿಣ ಕೊರಿಯಾದ ತಾಖಿ ಲೀ ಅವರ ತಂಡ ಬೆಂಜೀನ್ ಅಣುವಿಗೆ ಮೂರನೇ ವೈರು, ಅಂದರೆ ಗೇಟು, ಕೊಟ್ಟು ನಿಜವಾದ ಒಂಟಿ ಅಣು ಟ್ರಾನ್ಸಿಸ್ಟರ್ ಮಾಡಿ ತೋರಿಸಿತು. ತುಂಬ ಚೆಂದದ ಕೆಲಸ. ಆದರೆ ಅಳೆದದ್ದು ದ್ರವ ಹೀಲಿಯಂನ ಚಳಿಯಲ್ಲಿ. ಸೊನ್ನೆಗಿಂತ 269 ಡಿಗ್ರಿ ಕೆಳಗೆ.

ಈ ದಾರಿ ಯಾರಿಗೆ? ಭೌತಶಾಸ್ತ್ರದ ಹುಚ್ಚಿರುವವರಿಗೆ. ಎಲೆಕ್ಟ್ರಾನ್ ಒಂದು ಅಣುವಿನೊಳಗೆ ಹೇಗೆ ದಾಟುತ್ತದೆ, ಶಾಖ ಹೇಗೆ ಹರಿಯುತ್ತದೆ, ಇದನ್ನು ಕಣ್ಣಾರೆ ಕಂಡ ಹಾಗೆ ಅಳೆಯಬೇಕು ಅನ್ನುವವರಿಗೆ ಇದಕ್ಕಿಂತ ಒಳ್ಳೆಯ ಆಟದ ಮೈದಾನ ಇಲ್ಲ. ಕಂಪ್ಯೂಟರ್ ಕಟ್ಟೋಣ ಅಂತ ಬಂದಿದ್ದರೆ ಮಾತ್ರ ಇಲ್ಲಿ ನಿಲ್ಲಬೇಡಿ.

ಇದರ ಪಕ್ಕದಲ್ಲೇ ಇನ್ನೊಂದು ಗಲ್ಲಿ ಇದೆ, ಬೇಗ ದಾಟಿಬಿಡೋಣ. 2002ರಲ್ಲಿ ಐಬಿಎಂನ ಆಲ್ಮಡೆನ್ ಲ್ಯಾಬಿನಲ್ಲಿ ತಾಮ್ರದ ಮೇಲೆ ಕಾರ್ಬನ್ ಮಾನಾಕ್ಸೈಡ್ ಅಣುಗಳನ್ನು ಒಂದೊಂದಾಗಿ ತಳ್ಳಿ ಸಾಲಾಗಿ ನಿಲ್ಲಿಸಿದರು. ಶಾಲೆಯ ಸೈಕಲ್ ಸ್ಟ್ಯಾಂಡಿನಲ್ಲಿ ಒಂದು ಸೈಕಲ್ ಬಿದ್ದರೆ ಸಾಲಿಗೆ ಸಾಲೇ ಬೀಳುತ್ತದಲ್ಲ, ಹಾಗೆ ಒಂದು ಅಣು ಹಾರಿದರೆ ಪಕ್ಕದ್ದು ಹಾರಬೇಕು. ಮೂರು ಇನ್‌ಪುಟ್‌ಗಳನ್ನು ವಿಂಗಡಿಸುವ ಲಾಜಿಕ್ ಸರ್ಕ್ಯೂಟು 12 × 17 ನ್ಯಾನೊಮೀಟರ್ ಜಾಗದಲ್ಲಿ ಮುಗಿಯಿತು. ಅದ್ಭುತ. ಆದರೆ ಬಿದ್ದ ಸೈಕಲ್ಲುಗಳನ್ನು ಎತ್ತಿ ನಿಲ್ಲಿಸೋರು ಯಾರು? ಮತ್ತೆ ಸೂಕ್ಷ್ಮದರ್ಶಕದ ಮೊನೆ ಹಿಡಿದು ಒಂದೊಂದೇ ಅಣುವನ್ನು ವಾಪಸ್ಸು ಇಡಬೇಕು. ಅದೂ ಅದೇ ಹೀಲಿಯಂ ಚಳಿಯಲ್ಲಿ.

ಜಾಲರಿ, ಕಡಲೆಕಾಯಿ ಎಣ್ಣೆ ಮತ್ತು ಒಂದು ಪಾಠ

ಒಂದೊಂದು ಅಣುವಿಗೆ ವೈರು ಹಾಕೋದು ಕಷ್ಟ ಅಲ್ವಾ, ಹಾಗಾದರೆ ಅಡ್ಡ ಉದ್ದ ತಂತಿಗಳ ಜಾಲರಿ ಮಾಡಿ, ಪ್ರತಿ ಸಂಧಿಯಲ್ಲೂ ಒಂದಿಷ್ಟು ಅಣುಗಳನ್ನು ಸ್ಯಾಂಡ್‌ವಿಚ್ ಮಾಡಿದರೆ? 1999ರಲ್ಲಿ ಯುಸಿಎಲ್‌ಎಯ ಜೇಮ್ಸ್ ಹೀತ್, ಫ್ರೇಜರ್ ಸ್ಟಾಡರ್ಟ್ ಮತ್ತು ಎಚ್‌ಪಿಯ ಸ್ಟ್ಯಾನ್ಲಿ ವಿಲಿಯಮ್ಸ್ ತಂಡ ರೊಟಾಕ್ಸೇನ್ ಅನ್ನುವ ಅಣು ಹಿಡಿದು ಈ ಕೆಲಸಕ್ಕೆ ಇಳಿದರು. ರೊಟಾಕ್ಸೇನ್ ಅಂದರೆ ಕೋಲಿಗೆ ಬಳೆ ಹಾಕಿ, ಬಳೆ ಜಾರಿ ಹೋಗದ ಹಾಗೆ ಕೋಲಿನ ಎರಡು ತುದಿಗೂ ಗುಂಡು ಕಟ್ಟಿದ ಹಾಗೆ. ಇಂಥ ಅಣುಗಳಲ್ಲಿ ಬಳೆಯನ್ನು ಕೋಲಿನ ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ಸರಿಸಬಹುದು. ಆ ಕಡೆ ಇದ್ದರೆ ಸೊನ್ನೆ, ಈ ಕಡೆ ಇದ್ದರೆ ಒಂದು. ಇಂಥ ಅಣುಯಂತ್ರಗಳಿಗೆ 2016ರಲ್ಲಿ ಸ್ಟಾಡರ್ಟ್ ಅವರಿಗೆ ಇನ್ನಿಬ್ಬರ ಜೊತೆ ನೊಬೆಲ್ ಕೂಡ ಬಂತು.

2007ರ ಹೊತ್ತಿಗೆ ಹೀತ್ ಮತ್ತು ಸ್ಟಾಡರ್ಟ್ 400 ಅಡ್ಡ, 400 ಉದ್ದ ತಂತಿಗಳ 1,60,000 ಬಿಟ್ ಮೆಮೊರಿ ಮಾಡಿದರು. ಸಾಂದ್ರತೆ ಚದರ ಸೆಂಟಿಮೀಟರಿಗೆ ಹತ್ತು ಸಾವಿರ ಕೋಟಿ ಬಿಟ್. ಆ ಕಾಲಕ್ಕೆ ಬಾಯಿ ಬಿಟ್ಟು ನೋಡುವಂಥದ್ದು. ಪರೀಕ್ಷೆ ಮಾಡಿದಾಗ ಎಷ್ಟೋ ಬಿಟ್‌ಗಳು ಕೆಟ್ಟಿದ್ದವು, ಸರಿಯಿದ್ದವೂ ಹೆಚ್ಚು ಸಲ ಆನ್ ಆಫ್ ಆಗದೆ ಸುಸ್ತಾದವು.

ನನಗೆ ಇದಕ್ಕಿಂತ ಇಷ್ಟವಾದದ್ದು ಎಚ್‌ಪಿಯ ಲ್ಯಾಬಿನಲ್ಲಿ ನಡೆದದ್ದು. ಪ್ಲಾಟಿನಂ ಮತ್ತು ಟೈಟೇನಿಯಂ ನಡುವೆ ರೊಟಾಕ್ಸೇನ್ ಇಟ್ಟರೆ ಸ್ವಿಚ್ ಕೆಲಸ ಮಾಡುತ್ತಿತ್ತು, ಸರಿ. ಆದರೆ ಬಳೆಯೂ ಇಲ್ಲದ, ಕೋಲೂ ಇಲ್ಲದ ಸಾದಾ ಕೊಬ್ಬಿನಾಮ್ಲ ಹಾಕಿದರೂ ಸ್ವಿಚ್ ಆಗುತ್ತಿತ್ತು! ನಮ್ಮ ಕಡಲೆಕಾಯಿ ಎಣ್ಣೆಯಲ್ಲಿ ಸಿಗುವ ಅರಾಕಿಡಿಕ್ ಆಮ್ಲ ಇದೆಯಲ್ಲ, ಕಡಲೆಕಾಯಿಯಿಂದಲೇ ಅದಕ್ಕೆ ಆ ಹೆಸರು, ಅದನ್ನು ಇಟ್ಟರೂ ಅದೇ ಆಟ. 2004ರಲ್ಲಿ ಅವರೇ ಇದನ್ನು ಪ್ರಾಮಾಣಿಕವಾಗಿ ಬರೆದರು: ಸ್ವಿಚ್ ಆಗುತ್ತಿದ್ದದ್ದು ಅಣುವಿನಿಂದಲ್ಲ, ಅಂಟಿಸಿದ ಲೋಹದ ಕಡೆಯಿಂದ. ಅದನ್ನೇ ಕೆದಕುತ್ತಾ ಹೋಗಿ 2008ರಲ್ಲಿ ಟೈಟೇನಿಯಂ ಡೈಆಕ್ಸೈಡಿನ ಮೆಮ್‌ರಿಸ್ಟರ್, ಅಂದರೆ ಹಿಂದೆ ಹರಿದ ಕರೆಂಟನ್ನು ನೆನಪಿಟ್ಟುಕೊಳ್ಳುವ ರೋಧಕ, ಅಂತ ಅದೇ ವಿಲಿಯಮ್ಸ್ ತಂಡ ಪ್ರಪಂಚಕ್ಕೆ ತೋರಿಸಿತು. ಹುಡುಕಿದ್ದು ಒಂದು, ಸಿಕ್ಕಿದ್ದು ಇನ್ನೊಂದು.

ಇದೇ ಕಾಲದಲ್ಲಿ ಇದಕ್ಕೆ ಪೂರ್ತಿ ಉಲ್ಟಾ ಕಥೆಯೂ ನಡೆಯಿತು. ಬೆಲ್ ಲ್ಯಾಬ್ಸ್‌ನ ಯಾನ್ ಹೆಂಡ್ರಿಕ್ ಶೋನ್ 2001ರಲ್ಲಿ ಒಂಟಿ ಅಣು ಟ್ರಾನ್ಸಿಸ್ಟರ್ ಮಾಡಿದೆ ಅಂತ ದೊಡ್ಡ ದೊಡ್ಡ ಪತ್ರಿಕೆಗಳಲ್ಲಿ ಬರೆದ. ಬೇರೆ ಬೇರೆ ಪ್ರಯೋಗದ ಗ್ರಾಫುಗಳಲ್ಲಿ ಗದ್ದಲದ (ನಾಯ್ಸ್) ಗೆರೆ ಕೂಡ ಒಂದೇ ಥರ ಇದೆಯಲ್ಲ ಅಂತ ಓದುಗರು ಕಂಡುಹಿಡಿದರು. 2002ರಲ್ಲಿ ತನಿಖಾ ಸಮಿತಿ ಅವನು ಡೇಟಾ ತಿದ್ದಿದ್ದನ್ನು ಬಯಲು ಮಾಡಿತು, ಕೆಲಸ ಹೋಯಿತು. ಇದಾದ ಮೇಲೆ ಅಣು ಎಲೆಕ್ಟ್ರಾನಿಕ್ಸ್ ಅಂದರೆ ಜನ ಅನುಮಾನದಿಂದ ನೋಡೋದು ಜಾಸ್ತಿಯಾಯಿತು. ಅನುಮಾನ ಒಳ್ಳೆಯದೇ, ಅದನ್ನು ಜೇಬಿನಲ್ಲಿ ಇಟ್ಟುಕೊಂಡೇ ಮುಂದೆ ಹೋಗೋಣ.

ಟಾಟಾ ಇನ್‌ಸ್ಟಿಟ್ಯೂಟಿನ ದಾರಿ

ಅಕ್ಕನ ಮಗನಿಗೆ ನಾನು ಹೆಚ್ಚು ಹೊತ್ತು ಹೇಳಿದ್ದು ಇದನ್ನು. ಬೆಂಗಳೂರಿನಲ್ಲೇ ನಡೆದಿದೆ ಅನ್ನೋ ಅಭಿಮಾನವೂ ಸ್ವಲ್ಪ ಇದೆ, ಬಿಡಿ.

2024ರ ಸೆಪ್ಟೆಂಬರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ (ಬೆಂಗಳೂರಿನವರ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟ್) ನ್ಯಾನೊ ವಿಜ್ಞಾನ ಮತ್ತು ಎಂಜಿನಿಯರಿಂಗ್ ಕೇಂದ್ರದ ಶ್ರೀತೋಷ್ ಗೋಸ್ವಾಮಿ ಅವರ ತಂಡ 'ನೇಚರ್' ಪತ್ರಿಕೆಯಲ್ಲಿ ಒಂದು ಅಣು ಮೆಮ್‌ರಿಸ್ಟರ್ ಬಗ್ಗೆ ಬರೆಯಿತು. ರುಥೇನಿಯಂ ಲೋಹವನ್ನು ನಡುವೆ ಇಟ್ಟುಕೊಂಡ ಒಂದು ಅಣು, ಅದರ ತೆಳುವಾದ ಪದರ, ಮೇಲೊಂದು ಕೆಳಗೊಂದು ಎಲೆಕ್ಟ್ರೋಡು. ವೋಲ್ಟೇಜಿನ ಸಣ್ಣ ಸಣ್ಣ ತಟ್ಟು ಕೊಟ್ಟರೆ ಪದರದೊಳಗೆ ಅಣು, ಅಯಾನುಗಳು ಸರಿದಾಡಿ ಕರೆಂಟು ಬಿಡುವ ಪ್ರಮಾಣ ಬದಲಾಗುತ್ತದೆ, ಮತ್ತೆ ಅಲ್ಲೇ ನಿಲ್ಲುತ್ತದೆ. ಮಾಮೂಲಿ ಸ್ವಿಚ್ಚಿಗೆ ಎರಡೇ ಸ್ಥಿತಿ. ಇದಕ್ಕೆ 16,500 ಸ್ಥಿತಿಗಳು! ದೀಪದ ಸ್ವಿಚ್ಚಿಗೂ ಫ್ಯಾನಿನ ರೆಗ್ಯುಲೇಟರಿಗೂ ಇರುವ ವ್ಯತ್ಯಾಸ ಅಂದುಕೊಳ್ಳಿ, ರೆಗ್ಯುಲೇಟರಿನಲ್ಲಿ ಐದರ ಬದಲು ಹದಿನಾರು ಸಾವಿರ ಗೆರೆ.

ಇದರಿಂದ ಏನು ಲಾಭ? ಪಿಯುಸಿಯಲ್ಲಿ ಉರು ಹೊಡೆದ ಓಮ್ ನಿಯಮ ನೆನಪಿದೆಯಾ? ವೋಲ್ಟೇಜನ್ನು ವಾಹಕತೆಯಿಂದ (ಕರೆಂಟು ಬಿಡುವ ಪ್ರಮಾಣ) ಗುಣಿಸಿದರೆ ಕರೆಂಟು. ಅಂದರೆ ಒಂದು ಸಂಖ್ಯೆಯನ್ನು ವೋಲ್ಟೇಜಾಗಿ ಕೊಟ್ಟು, ಇನ್ನೊಂದನ್ನು ಅಣು ಪದರದಲ್ಲಿ ವಾಹಕತೆಯಾಗಿ ಕೂಡಿಟ್ಟರೆ, ಹರಿಯುವ ಕರೆಂಟೇ ಗುಣಲಬ್ಧ. ಒಂದೇ ತಂತಿಗೆ ಬಂದು ಸೇರುವ ಕರೆಂಟುಗಳು ತಾವೇ ಕೂಡಿಕೊಳ್ಳುತ್ತವೆ, ಅದು ಕಿರ್ಚಾಫ್ ನಿಯಮ. ಗುಣಾಕಾರ, ಸಂಕಲನ ಎರಡೂ ಪುಕ್ಕಟೆ. ಎಐ ಅಂತ ಕುಣಿದಾಡುತ್ತೇವಲ್ಲ, ಅದರ ಹೊಟ್ಟೆಯೊಳಗೆ ಇರೋದು ಮುಕ್ಕಾಲು ಪಾಲು ಇದೇ ಮ್ಯಾಟ್ರಿಕ್ಸ್ ಗುಣಾಕಾರ. ಮೆಮೊರಿಯಿಂದ ಪ್ರೊಸೆಸರಿಗೆ, ಪ್ರೊಸೆಸರಿನಿಂದ ಮೆಮೊರಿಗೆ ಡೇಟಾ ಹೊತ್ತು ತಿರುಗುವ ಖರ್ಚು ಇಲ್ಲಿ ಉಳಿಯುತ್ತದೆ. ತಂಡ 64 × 64 ಜಾಲರಿ ಮಾಡಿ, ಜೇಮ್ಸ್ ವೆಬ್ ದೂರದರ್ಶಕದ ಪ್ರಸಿದ್ಧ 'ಸೃಷ್ಟಿ ಸ್ತಂಭ'ಗಳ ಚಿತ್ರವನ್ನು ಮೇಜಿನ ಮೇಲಿನ ಕಂಪ್ಯೂಟರಿನಲ್ಲೇ ಮರುಸೃಷ್ಟಿ ಮಾಡಿ ತೋರಿಸಿತು.

ಆ ಲೇಖನದ ಲೇಖಕರ ಪಟ್ಟಿಯ ಕೊನೆಯ ಕಡೆ ಒಂದು ಹೆಸರು ನೋಡಿ ನನಗೆ ನಗು ಬಂತು: ಸ್ಟ್ಯಾನ್ಲಿ ವಿಲಿಯಮ್ಸ್. ಕಡಲೆಕಾಯಿ ಎಣ್ಣೆ ಪಾಠ ಕಲಿತವರೇ. ಅಂಟಿಸಿದ ಜಾಗ ಮೋಸ ಮಾಡುತ್ತಿದೆಯಾ, ನಿಜವಾಗಿ ಅಣುವೇ ಕೆಲಸ ಮಾಡುತ್ತಿದೆಯಾ ಅಂತ ಅವರಷ್ಟು ಅನುಮಾನ ಪಡುವವರು ಇನ್ಯಾರು ಸಿಗಬೇಕು ಹೇಳಿ.

ಇದು 'ಒಂದೊಂದೇ ಅಣುವಿನ ಕಂಪ್ಯೂಟರ್' ಅಲ್ಲ, ಸ್ಪಷ್ಟವಾಗಿರಲಿ. ಲಕ್ಷಾಂತರ ಅಣುಗಳ ಪದರ. ನನ್ನ ಪ್ರಕಾರ ಅದೇ ಇದರ ಬಲ. ಒಬ್ಬ ಎಡವಿದರೂ ಮೆರವಣಿಗೆ ನಿಲ್ಲೋದಿಲ್ಲ. ಒಂದು ಅಣು ಓರೆಯಾಗಿ ಕೂತರೂ ಪಕ್ಕದ ಸಾವಿರ ಅಣುಗಳು ಅದನ್ನು ಸರಿದೂಗಿಸುತ್ತವೆ. ಜೊತೆಗೆ ಇದು ಸಿಲಿಕಾನಿನ ಜೊತೆ ಜಗಳ ಆಡುವುದಿಲ್ಲ. ಸುತ್ತಲಿನ ನಿಯಂತ್ರಣ, ಓದು ಬರಹ ಎಲ್ಲ ಸಿಲಿಕಾನಿಗೆ ಬಿಟ್ಟು, ಕಷ್ಟದ ಗುಣಾಕಾರ ಮಾತ್ರ ತಾನು ಮಾಡುತ್ತದೆ. ಎಲೆಕ್ಟ್ರಾನಿಕ್ಸ್ ಓದಿದವರಿಗೆ, ಸರ್ಕ್ಯೂಟು ಗೊತ್ತಿದ್ದು ಕೆಮಿಸ್ಟ್ರಿಗೆ ಹೆದರದವರಿಗೆ, ನಾನು ಮೊದಲು ತೋರಿಸುವ ಬಾಗಿಲು ಇದು.

ಕಾರ್ಬನ್ ಕೊಳವೆ

ಸುರುಳಿ ಸುತ್ತಿದ ಕಾರ್ಬನ್ ಹಾಳೆ. ಒಂದು ಕೊಳವೆ ಒಂದೇ ಅಣು, ಅಗಲ ಒಂದು ನ್ಯಾನೊಮೀಟರ್ ಆಸುಪಾಸು, ಉದ್ದ ಮಾತ್ರ ಎಷ್ಟು ಬೇಕಾದರೂ. ಉದ್ದ ಇರೋದರಿಂದ ವೈರು ಹಾಕೋದು ಎಷ್ಟೋ ಸುಲಭ. 1998ರಲ್ಲಿ ಡೆಲ್ಫ್ಟ್‌ನ ಸೀಸ್ ಡೆಕ್ಕರ್ ತಂಡ ಕೋಣೆಯ ತಾಪಮಾನದಲ್ಲೇ ಇದರ ಟ್ರಾನ್ಸಿಸ್ಟರ್ ಮಾಡಿತು. 2013ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ 178 ಟ್ರಾನ್ಸಿಸ್ಟರ್‌ಗಳ ಒಂದು ಪುಟಾಣಿ ಕಂಪ್ಯೂಟರ್ ಬಂತು. 2019ರಲ್ಲಿ ಎಂಐಟಿಯ ಮ್ಯಾಕ್ಸ್ ಶುಲೇಕರ್ ತಂಡ 14,000ಕ್ಕೂ ಹೆಚ್ಚು ಟ್ರಾನ್ಸಿಸ್ಟರ್‌ಗಳ 16 ಬಿಟ್ ಪ್ರೊಸೆಸರ್ ಮಾಡಿತು, ಅದು ರಿಸ್ಕ್-ವಿ (ಪ್ರೊಸೆಸರುಗಳ ಒಂದು ಮುಕ್ತ ಸೂಚನಾಭಾಷೆ) ಸೂಚನೆಗಳನ್ನು ಓಡಿಸಿ "ಹಲೋ ವರ್ಲ್ಡ್, ನಾನು ಕಾರ್ಬನ್ ಕೊಳವೆಗಳಿಂದ ಆದವನು" ಅನ್ನೋ ಅರ್ಥದ ಸಂದೇಶ ಕೊಟ್ಟಿತು. ಮರುವರ್ಷ ಮಾಮೂಲಿ ಚಿಪ್ ಕಾರ್ಖಾನೆಗಳ 200 ಮಿಲಿಮೀಟರ್ ವೇಫರ್ ಮೇಲೂ ಇದನ್ನು ಮಾಡಿದರು.

ಇಲ್ಲಿಯ ಕಷ್ಟ ಅಕ್ಕಿ ಆರಿಸುವ ಕಷ್ಟ. ಕೊಳವೆ ಬೆಳೆಸಿದಾಗ ಸುಮಾರು ಮೂರರಲ್ಲಿ ಒಂದು ಲೋಹದ ಗುಣದ್ದು ಹುಟ್ಟುತ್ತದೆ. ಅದು ಟ್ರಾನ್ಸಿಸ್ಟರ್ ಆಗದು, ಯಾವಾಗಲೂ ಆನ್. ಎಲ್ಲ ಕಲ್ಲನ್ನೂ ಆರಿಸಬೇಕಾದರೆ ಶುದ್ಧತೆ 99.999999% ಬೇಕು. ಶುಲೇಕರ್ ತಂಡದ ಜಾಣತನ ಏನೆಂದರೆ, ಕೆಲವು ಲಾಜಿಕ್ ಗೇಟುಗಳ (ಸೊನ್ನೆ, ಒಂದುಗಳ ಮೇಲೆ ಲೆಕ್ಕ ಮಾಡುವ ಪುಟ್ಟ ಸರ್ಕ್ಯೂಟುಗಳು) ಜೋಡಣೆ ಈ ಕಲ್ಲುಗಳನ್ನು ತಡೆದುಕೊಳ್ಳುತ್ತವೆ, ಕೆಲವು ತಡೆದುಕೊಳ್ಳುವುದಿಲ್ಲ ಅಂತ ಕಂಡುಕೊಂಡು, ತಡೆದುಕೊಳ್ಳುವ ಜೋಡಣೆಗಳಿಂದಲೇ ಡಿಸೈನ್ ಮಾಡಿದ್ದು. ಆಗ 99.99% ಸಾಕಾಯಿತು. ಪೂರ್ತಿ ಪ್ರೊಸೆಸರ್ ಅಂತ ಒಂದನ್ನು ಓಡಿಸಿ ತೋರಿಸಿದ ಅಣು ದಾರಿ ಇದು. ಚಿಪ್ ಡಿಸೈನ್ ಇಷ್ಟ ಇರುವವರು, ಮುಂದೆ ಕಂಪನಿ ಕೆಲಸವೂ ಬೇಕು ಅನ್ನುವವರು ಇದನ್ನು ಆರಿಸಿದರೆ ಮನೆಯವರಿಗೂ ನೆಮ್ಮದಿ.

ಟ್ಯೂಬಿನೊಳಗಿನ ಲೆಕ್ಕ

ಈಗ ಪೂರ್ತಿ ಬೇರೆ ಲೋಕ. ಇಲ್ಲಿ ವೈರೇ ಇಲ್ಲ. 1994ರಲ್ಲಿ ಲಾಸ್ ಏಂಜಲೀಸ್‌ನ ಲೆನ್ ಏಡಲ್‌ಮನ್, ಆರ್‌ಎಸ್‌ಎ ಗೂಢಲಿಪಿಯ 'ಎ' ಇವರೇ, ಏಳು ಊರುಗಳ ನಕ್ಷೆಯೊಂದನ್ನು ಡಿಎನ್‌ಎಯಲ್ಲಿ ಬರೆದರು. ಪ್ರತಿ ಊರಿಗೂ ಒಂದು ಎಳೆ, ಪ್ರತಿ ರಸ್ತೆಗೂ ಒಂದು ಎಳೆ. ಎಲ್ಲ ಊರಿಗೂ ಒಂದೊಂದೇ ಸಲ ಹೋಗಿ ಬರುವ ದಾರಿ ಯಾವುದು? ಎಳೆಗಳನ್ನೆಲ್ಲ ಕಲಸಿದರೆ ಅವು ತಾವೇ ಅಂಟಿಕೊಂಡು ಎಲ್ಲ ದಾರಿಗಳನ್ನೂ ಏಕಕಾಲಕ್ಕೆ ಕಟ್ಟಿಬಿಡುತ್ತವೆ. ಆಮೇಲೆ ತಪ್ಪು ದಾರಿಗಳನ್ನು ಸೋಸಿ ತೆಗೆಯಬೇಕು. ಆ ಸೋಸುವ ಕೆಲಸಕ್ಕೆ ಲ್ಯಾಬಿನಲ್ಲಿ ಏಳು ದಿನ ಹಿಡಿಯಿತು. ನೀವು ಪೆನ್ನು ಕಾಗದ ಹಿಡಿದರೆ ಕಾಫಿ ಮುಗಿಯುವುದರೊಳಗೆ ಮಾಡುತ್ತೀರಿ.

ದೊಡ್ಡ ಲೆಕ್ಕಕ್ಕೆ ಇದು ಒಳ್ಳೆಯದಿರಬಹುದಲ್ವಾ ಅಂತ ಎಲ್ಲರೂ ಅಂದುಕೊಂಡರು. ಮರುವರ್ಷವೇ ಕಂಪ್ಯೂಟರ್ ವಿಜ್ಞಾನಿ ಯೂರಿಸ್ ಹಾರ್ಟ್‌ಮಾನಿಸ್ ಲೆಕ್ಕ ಹಾಕಿ ತಣ್ಣೀರೆರಚಿದರು: ಊರುಗಳು ಏಳರ ಬದಲು 200 ಆದರೆ ಬೇಕಾಗುವ ಡಿಎನ್‌ಎ ಭೂಮಿಗಿಂತ ಹೆಚ್ಚು ತೂಕ ಇರುತ್ತದೆ.

ಆಮೇಲೆ ಈ ಕ್ಷೇತ್ರ ದಾರಿ ಬದಲಿಸಿತು. ಈಗ ಹೆಚ್ಚಾಗಿ ಬಳಸುವ ಉಪಾಯ ಅರ್ಥವಾಗಬೇಕಾದರೆ ರಶ್ ಆಗಿರುವ ಬಸ್ಸು ನೆನಪಿಸಿಕೊಳ್ಳಿ. ಇಬ್ಬರ ಸೀಟಿನಲ್ಲಿ ಒಬ್ಬ ಹರಡಿಕೊಂಡು ಕೂತಿದ್ದಾನೆ. ನಿಮಗೆ ಸೀಟಿನ ತುದಿಯಲ್ಲಿ ನಾಲ್ಕು ಬೆರಳು ಜಾಗ ಸಿಕ್ಕರೆ ಸಾಕು. ಮೆಲ್ಲಗೆ ಸರಿಯುತ್ತಾ, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ ಅನ್ನುತ್ತಾ, ಕೊನೆಗೆ ಅವನೇ ಎದ್ದು ಹೋಗುತ್ತಾನೆ. ಎದ್ದವನು ಹೋಗಿ ಇನ್ನೊಂದು ಸೀಟಿನಲ್ಲಿ ಇದೇ ಕೆಲಸ ಮಾಡುತ್ತಾನೆ. ಡಿಎನ್‌ಎ ಎಳೆಗಳೂ ಹೀಗೆಯೇ. ಜೋಡಿಯ ತುದಿಯಲ್ಲಿ ಕೆಲವು ಅಕ್ಷರಗಳಷ್ಟು (ಡಿಎನ್‌ಎಯ ಎ, ಟಿ, ಜಿ, ಸಿ) ಖಾಲಿ ಜಾಗ, ಅಲ್ಲಿ ಹೊಸ ಎಳೆ ಕಾಲೂರಿ, ಒಂದೊಂದೇ ಅಕ್ಷರ ಹಿಡಿಯುತ್ತಾ ಹಳೆಯದನ್ನು ಹೊರಗೆ ತಳ್ಳುತ್ತದೆ. ಹೊರಬಿದ್ದ ಎಳೆ ಮುಂದಿನ ಗೇಟಿನ ಇನ್‌ಪುಟ್.

ಇಷ್ಟೇ ಉಪಾಯದಿಂದ 2011ರಲ್ಲಿ ಕ್ಯಾಲ್‌ಟೆಕ್‌ನ ಲೂಲೂ ಚಿಯಾನ್ ಮತ್ತು ಎರಿಕ್ ವಿನ್‌ಫ್ರೀ 130 ಎಳೆಗಳಲ್ಲಿ ನಾಲ್ಕು ಬಿಟ್ ಸಂಖ್ಯೆಯ ವರ್ಗಮೂಲ ತೆಗೆದರು. ಅಂದರೆ 15ರವರೆಗಿನ ಸಂಖ್ಯೆಗೆ, ಅದೂ ಪೂರ್ಣಾಂಕದಲ್ಲಿ ಮಾತ್ರ, ಮತ್ತೆ ಉತ್ತರಕ್ಕೆ ಗಂಟೆಗಟ್ಟಲೆ ಕಾಯಬೇಕು. 2018ರಲ್ಲಿ ಚಿಯಾನ್ ತಂಡ ಇದೇ ದಾರಿಯಲ್ಲಿ ಹೋಗಿ, ಕೈಬರಹದ ಅಂಕಿ ಯಾವುದು ಅಂತ ಗುರುತಿಸುವ ನ್ಯೂರಲ್ ಜಾಲವನ್ನೇ ಟ್ಯೂಬಿನಲ್ಲಿ ಕಲಸಿತು. ಇವುಗಳ ದೊಡ್ಡ ಕೊರತೆ ಅಂದರೆ ಪಟಾಕಿಯ ಹಾಗೆ, ಒಂದು ಸಲ ಹೊಡೆದರೆ ಮುಗಿಯಿತು. ಸೀಟು ಬಿಟ್ಟು ಎದ್ದವರನ್ನು ವಾಪಸ್ಸು ಕೂರಿಸೋದು ಸುಲಭ ಇಲ್ಲ.

ಸಿಲಿಕಾನಿನ ಜೊತೆ ಓಟದ ಪಂದ್ಯಕ್ಕೆ ಇಟ್ಟರೆ ಡಿಎನ್‌ಎ ಸೋತಿತು, ಮಾತೇ ಇಲ್ಲ. ಆದರೆ ನಾನು ಮೊದಲು ಕೇಳಿದ ಪ್ರಶ್ನೆ ಮತ್ತೆ ಕೇಳಿ: ಒಳಗೆ ಹೋಗೋದು ಹೇಗೆ, ಹೊರಗೆ ಬರೋದು ಹೇಗೆ? ಇಲ್ಲಿ ಇನ್‌ಪುಟ್ ಕೂಡ ಅಣು, ಔಟ್‌ಪುಟ್ ಕೂಡ ಅಣು. ರಕ್ತದಲ್ಲಿ ಈ ಆರ್‌ಎನ್‌ಎ ಇದೆಯಾ, ಅದರ ಜೊತೆ ಇನ್ನೊಂದು ಇದೆಯಾ, ಮೂರನೆಯದು ಇಲ್ಲವಾ, ಹಾಗಿದ್ದರೆ ಮಾತ್ರ ಹೊಳೆ ಅಂತ ಹೇಳೋಕೆ ಗಿಗಾಹರ್ಟ್ಸ್ ಬೇಡ. ಅಂಟಿನ ಸಮಸ್ಯೆಯೇ ಇಲ್ಲ, ಅಂಟಿಕೊಳ್ಳೋದೇ ಇಲ್ಲಿ ಲೆಕ್ಕ.

ಇದೇ ಕಾರಣಕ್ಕೆ ಇನ್ನೊಂದು ಹಳೆಯ ದಾರಿ ಸದ್ದಿಲ್ಲದೆ ಗೆದ್ದಿದೆ. ಶ್ರೀಲಂಕಾ ಮೂಲದ ಪ್ರಸನ್ನ ಡಿ ಸಿಲ್ವ 1993ರಲ್ಲಿ ಬೆಲ್‌ಫಾಸ್ಟ್‌ನಲ್ಲಿ ಒಂದು ಅಣು ಮಾಡಿದರು. ಸೋಡಿಯಂ ಅಯಾನು ಬಂದು ಕೂರಬೇಕು, ಹೈಡ್ರೋಜನ್ ಅಯಾನೂ ಬಂದು ಕೂರಬೇಕು, ಎರಡೂ ಇದ್ದರೆ ಮಾತ್ರ ಅಣು ಜೋರಾಗಿ ಹೊಳೆಯುತ್ತದೆ. ಒಂದೇ ಅಣುವಿನಲ್ಲಿ ಆಂಡ್ ಗೇಟು! ಇದೇ ತತ್ವದ ಸೆನ್ಸರುಗಳು ರಕ್ತದ ಸೋಡಿಯಂ, ಪೊಟ್ಯಾಸಿಯಂ ಅಳೆಯುವ ಆಸ್ಪತ್ರೆ ಯಂತ್ರಗಳಿಗೆ ಹೋದವು. ಯಾರೂ ಅದನ್ನು ಕಂಪ್ಯೂಟರ್ ಅಂತ ಕರೆಯಲಿಲ್ಲ, ಅದಕ್ಕೆ ಯಾರಿಗೂ ನಿರಾಸೆಯೂ ಆಗಲಿಲ್ಲ.

ಡಿಎನ್‌ಎಯನ್ನು ಹಾರ್ಡ್ ಡಿಸ್ಕ್ ಮಾಡುವ ದಾರಿಯೂ ಇದೆ. 2017ರಲ್ಲಿ ಎರ್ಲಿಕ್ ಮತ್ತು ಜಿಯೆಲಿನ್‌ಸ್ಕಿ ಒಂದು ಗ್ರಾಮಿಗೆ 215 ಪೆಟಾಬೈಟ್ (ಒಂದು ಪೆಟಾಬೈಟ್ ಅಂದರೆ ಹತ್ತು ಲಕ್ಷ ಜಿಬಿ) ಹಿಡಿಯುವ ವಿಧಾನ ತೋರಿಸಿದರು. ಆದರೆ ಅವರು ನಿಜವಾಗಿ ಬರೆದದ್ದು 2 ಎಂಬಿ ಚಿಲ್ಲರೆ, ಬರೆಯಲು 7,000 ಡಾಲರ್, ಓದಲು 2,000 ಡಾಲರ್. 2019ರಲ್ಲಿ ಮೈಕ್ರೋಸಾಫ್ಟ್ ಮತ್ತು ವಾಷಿಂಗ್ಟನ್ ವಿಶ್ವವಿದ್ಯಾಲಯದವರು ಮನುಷ್ಯರ ಕೈ ತಾಗದ ಹಾಗೆ ಪೂರ್ತಿ ಯಂತ್ರದಿಂದಲೇ 'ಹಲೋ' ಅಂತ ಐದು ಬೈಟ್ ಬರೆದು ಓದಿಸಿದರು, 21 ಗಂಟೆ ಬೇಕಾಯಿತು. ಶತಮಾನಗಟ್ಟಲೆ ಮುಟ್ಟದೆ ಇಡುವ ದಾಖಲೆಗಳಿಗೆ ಸರಿ. ಗ್ರೀನ್‌ಲ್ಯಾಂಡಿನ ಹೆಪ್ಪುಗಟ್ಟಿದ ಮಣ್ಣಿನಲ್ಲಿ 20 ಲಕ್ಷ ವರ್ಷ ಹಳೆಯ ಡಿಎನ್‌ಎ ಓದಿದ್ದಾರೆ, ಯಾವ ಪೆನ್‌ಡ್ರೈವ್ ಅಷ್ಟು ಬಾಳುತ್ತದೆ?

ಹಾಗಾದರೆ ನೀವು?

ಕೈಯಲ್ಲಿ ಲ್ಯಾಬು ಇಲ್ಲ, ಲ್ಯಾಪ್‌ಟಾಪ್ ಮಾತ್ರ ಇದೆ ಅನ್ನುವವರಿಗೆ ಡಿಎನ್‌ಎ ದಾರಿಯೇ ಸುಲಭ. ನ್ಯೂಪ್ಯಾಕ್, ಆಕ್ಸ್‌ಡಿಎನ್‌ಎ ಥರದ ಸಾಫ್ಟ್‌ವೇರಿನಲ್ಲಿ ಎಳೆಗಳನ್ನು ಡಿಸೈನ್ ಮಾಡಿ, ಯಾವುದು ಯಾವುದಕ್ಕೆ ಅಂಟುತ್ತದೆ ಅಂತ ನೋಡಬಹುದು. ಆಮೇಲೆ ಬೇಕಾದ ಅಕ್ಷರಗಳ ಎಳೆಯನ್ನು ಕಂಪನಿಗಳಿಗೆ ಆರ್ಡರ್ ಕೊಟ್ಟರೆ ಕೊರಿಯರಿನಲ್ಲಿ ಟ್ಯೂಬು ಬರುತ್ತದೆ. ಒಂಟಿ ಅಣು ಪ್ರಯೋಗಕ್ಕೆ ಬೇಕಾದ ಯಂತ್ರಕ್ಕೆ ಹೋಲಿಸಿದರೆ ಇದು ಜುಜುಬಿ ಖರ್ಚು. ಜೀವಶಾಸ್ತ್ರ, ಕಂಪ್ಯೂಟರ್ ಸೈನ್ಸ್ ಎರಡೂ ಕಡೆಯವರು ಇಲ್ಲಿ ಬಾಳಬಹುದು.

ಮೆಮ್‌ರಿಸ್ಟರ್, ಕೊಳವೆ ಕಡೆ ಹೋಗುವವರಿಗೆ ಕ್ಲೀನ್‌ರೂಮ್, ಅಂದರೆ ಚಿಪ್ ಮಾಡಲು ಬೇಕಾದ ಧೂಳಿಲ್ಲದ ಲ್ಯಾಬು, ಬೇಕು. ನಮ್ಮ ಕಾಲೇಜಿನಲ್ಲಿ ಎಲ್ಲಿಂದ ಬರಬೇಕು ಅಂತ ಕೈಚೆಲ್ಲಬೇಡಿ. ಭಾರತೀಯ ವಿಜ್ಞಾನ ಸಂಸ್ಥೆ, ಐಐಟಿ ಬಾಂಬೆ ಥರದ ಕಡೆ ಹೊರಗಿನ ಕಾಲೇಜಿನವರೂ ಬಂದು ಸೌಲಭ್ಯ ಬಳಸುವುದಕ್ಕೆಂದೇ ಐಎನ್‌ಯುಪಿ ಅನ್ನುವ ಸರ್ಕಾರಿ ಕಾರ್ಯಕ್ರಮ ಇದೆ. ತರಬೇತಿಯಿಂದ ಶುರು ಮಾಡಿ, ಆಮೇಲೆ ನಿಮ್ಮದೇ ಪ್ರಾಜೆಕ್ಟು ಹಿಡಿದುಕೊಂಡು ಹೋಗಬಹುದು. ನಿಮ್ಮ ಮೇಷ್ಟ್ರಿಗೆ ಒಂದು ಮಾತು ಹೇಳಿ, ಎಷ್ಟೋ ಜನಕ್ಕೆ ಇದು ಗೊತ್ತೇ ಇರುವುದಿಲ್ಲ.

ಇಷ್ಟೆಲ್ಲ ಕೇಳಿದ ಮೇಲೆ ಅಕ್ಕನ ಮಗ, "ಹಾಗಾದ್ರೆ ಕೆಮಿಸ್ಟ್ರಿ ಮತ್ತೆ ಓದ್ಬೇಕಾ ಮಾಮ?" ಅಂದ. ದನಿಯಲ್ಲಿ ಸಂಕಟ ಇತ್ತು. ಓದಲೇಬೇಕು, ಬಿಡುಗಡೆ ಇಲ್ಲ, ಅಂದೆ. ಈಗ ಮೆಮ್‌ರಿಸ್ಟರ್ ಕೆಲಸ ಮಾಡುವ ಒಂದು ಲ್ಯಾಬಿಗೆ ಬರೆದಿದ್ದಾನೆ. ಮಾತಾಡಲು ಕರೆದರೆ ಮೂರು ಪ್ರಶ್ನೆ ಕೇಳು ಅಂತ ಹೇಳಿಕೊಟ್ಟಿದ್ದೇನೆ. ನೂರು ಸಾಧನ ಮಾಡಿದರೆ ಎಷ್ಟು ಕೆಲಸ ಮಾಡುತ್ತವೆ? ಮೇಜಿನ ಮೇಲೆ, ಮಾಮೂಲಿ ಸೆಖೆಯಲ್ಲಿ, ಎಷ್ಟು ತಿಂಗಳು ಬಾಳುತ್ತವೆ? ಮತ್ತೆ, ನಿಮ್ಮ ಅಣುವಿನ ಬದಲು ಕಡಲೆಕಾಯಿ ಎಣ್ಣೆಯ ಆಮ್ಲ ಹಾಕಿ ನೋಡಿದ್ದೀರಾ?